ಜಪಾನಿನಲ್ಲಿ ಮಾತ್ರ

"ಕತ್ತರಿ ಬೇಡ, ಒಳಗೆ ಗೀರು ಬಿದ್ದೀತು!" ಎಂದು ಸಿರ್ವಾರ್ಡ್ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಅವಳ ಹಿರಿಯ ಮಗಳು ಶುಶಾನ್ ಪೆಟ್ಟಿಗೆಯ ಅಂಟುಪಟ್ಟಿಯನ್ನು ಹಲ್ಲಿನಿಂದಲೇ ಕಿತ್ತು ಎಳೆದಿದ್ದಳು. ಟೋಕಿಯೊದಿಂದ ಬಂದ ಪೆಟ್ಟಿಗೆ. ದ್ರಾಕ್ಷಿ ಎಲೆಯ ಸುರುಳಿಗಳ ತಟ್ಟೆಯನ್ನು ಆಚೆ ಸರಿಸಿ ಊಟದ ಮೇಜಿನ ಮೇಲೆ ಅದಕ್ಕೆ ಜಾಗ ಮಾಡಿದ್ದರು. ಒಳಗೆ ಕಾಗದದ ಚೂರುಗಳ ನಡುವೆ ಸಿ.ಡಿ.ಗಳು. ಪ್ರತಿಯೊಂದರ ಮೈಗೂ ಹಳದಿ ಕಾಗದದ ಪಟ್ಟಿಯೊಂದನ್ನು ಸುತ್ತಿ ಅದರ ತುಂಬ ಜಪಾನಿ ಅಕ್ಷರ ಬರೆದಿದ್ದರು. ಪಟ್ಟಿಯ ಪಕ್ಕದಲ್ಲಿ ಶುಶಾನಳ ಮುಖ. ಅವಳ ಕೂದಲು ಸಮುದ್ರದ ಗಾಳಿಗೆ ಹಾರುತ್ತಿರುವಂತೆ ಕಾಣುತ್ತಿತ್ತು. ಆ ಗಾಳಿ ಬರ್ಬ್ಯಾಂಕಿನ ಗೋದಾಮೊಂದರಲ್ಲಿ ಇಬ್ಬರು ಹಿಡಿದು ನಿಂತಿದ್ದ ಫ್ಯಾನಿನದ್ದು ಎಂದು ಅವಳಿಗಷ್ಟೇ ಗೊತ್ತು.

ಅಜ್ಜಿ ಕನ್ನಡಕ ಏರಿಸಿಕೊಂಡು ಒಂದನ್ನು ಕೈಗೆತ್ತಿಕೊಂಡಳು. "ಇದೇನೇ, ಸೂಸಿ ಮೆಲ್ ಅಂತ ಹಾಕಿದಾರೆ? ಶುಶಾನ್ ಮೆಲ್ಕೋನ್ಯಾನ್‌ನಲ್ಲಿ ಉಳಿದಿದ್ದೆಲ್ಲ ಎಲ್ಲಿ ಹೋಯ್ತು?"

"ವಿಮಾನದಲ್ಲಿ ತೂಕ ಜಾಸ್ತಿ ಆಯ್ತಂತೆ ಅಜ್ಜಿ, ಇಳಿಸಿಬಿಟ್ರು."

ಎಲ್ಲರೂ ನಕ್ಕರು. ಶುಶಾನ್ ಬಾಯಿ ತೆರೆದರೆ ಆ ಮನೆಯಲ್ಲಿ ನಗು ಬರುವುದು ರೂಢಿಯಾಗಿತ್ತು. ಭಾನುವಾರದ ಮಧ್ಯಾಹ್ನ, ಗ್ಲೆಂಡೇಲಿನ ಬಿಸಿಲು, ಹಿತ್ತಿಲಲ್ಲಿ ಮಾಂಸ ಸುಡುವ ಹೊಗೆ, ಒಳಗೆ ಮನೆ ಹಿಡಿಯಲಾರದಷ್ಟು ನೆಂಟರು. ಮಗಳ ಮೊದಲ ಆಲ್ಬಮ್ ಹೊರಬಂದಿದೆಯೆಂದು ಸಿರ್ವಾರ್ಡ್ ಬೈರೂತಿನಲ್ಲಿದ್ದ ಚಿಕ್ಕಮ್ಮನಿಗೂ ಫೋನು ಮಾಡಿ ಹೇಳಿದ್ದಳು. ಲಾರಿ ಓಡಿಸುವ ಗಂಡ ಮಾತ್ರ ಟೆಕ್ಸಸ್ಸಿನ ಯಾವುದೋ ಹೆದ್ದಾರಿಯಲ್ಲಿದ್ದ. ಅವನು ಮನೆಯ ಸಂಭ್ರಮಕ್ಕೆ ಒದಗುವುದು ಯಾವಾಗಲೂ ಫೋನಿನ ಮೂಲಕವೇ.

ಶುಶಾನಳನ್ನು ಈ ದೇಶದ ಮಕ್ಕಳೆಲ್ಲ ಬಲ್ಲರು, ಆದರೆ ಡಾಟಿ ಎಂಬ ಹೆಸರಿನಿಂದ. ನಾಲ್ಕು ವರ್ಷ ನಡೆದ ಮಕ್ಕಳ ಹಾಸ್ಯ ಧಾರಾವಾಹಿಯೊಂದರಲ್ಲಿ ಅವಳು ನಾಯಕಿಯ ಪಕ್ಕದ ಮನೆಯ ಹುಡುಗಿ. ಡಾಟಿಗೆ ಹಾಡುವ ಹುಚ್ಚು, ಸ್ವರ ಮಾತ್ರ ಇಲ್ಲ. ಅವಳು ಹಾಡಿದರೆ ನಾಯಿ ಮೂರ್ಛೆ ಹೋಗುತ್ತದೆ, ಗಾಜಿನ ಲೋಟ ಒಡೆಯುತ್ತದೆ, ನಾಯಕಿ ಕಿವಿಗೆ ದಿಂಬು ಒತ್ತಿಕೊಳ್ಳುತ್ತಾಳೆ. ವಾರಕ್ಕೊಮ್ಮೆ ಇದೇ ತಮಾಷೆ. ನೆಂಟರೆಲ್ಲ ಅದಕ್ಕೆ ಕಾಗೆ ಹಾಡು ಎಂದು ಹೆಸರಿಟ್ಟಿದ್ದರು.

ಅಪಸ್ವರ ಹಾಡುವುದು ಸುಲಭ ಎಂದುಕೊಂಡವರು ಹಾಡಿ ನೋಡಬೇಕು. ಸ್ವರ ಗೊತ್ತಿಲ್ಲದವರ ಅಪಸ್ವರ ಕೇಳುವವರಿಗೆ ಬರೀ ಬೇಸರ ತರುತ್ತದೆ. ನಗು ಬರಬೇಕಾದರೆ ಪ್ರತಿ ಸಲವೂ ಕೂದಲೆಳೆಯಷ್ಟು ಕೆಳಗೆ, ಅಳತೆ ತಪ್ಪದೆ ಬೀಳಬೇಕು. ಅದು ಸ್ವರವನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಸಾಧ್ಯ. ಆರ್ಮೇನಿಯನ್ ಚರ್ಚಿನಲ್ಲಿ ಏಳನೇ ವಯಸ್ಸಿನಿಂದ ಹಾಡಿಕೊಂಡು ಬಂದಿದ್ದ ಶುಶಾನಳಿಗೆ ಅದು ಸಾಧ್ಯವಾಗಿತ್ತು. ಈ ಊರಿನಲ್ಲಿ ಚೆನ್ನಾಗಿ ಹಾಡುವವರು ಪ್ರತಿ ಕಾಫಿ ಅಂಗಡಿಯಲ್ಲೂ ಸಿಗುತ್ತಾರೆ, ಹಾಲು ಕಾಯಿಸುತ್ತಿರುತ್ತಾರೆ. ಇವಳು ಕೆಟ್ಟದಾಗಿ ಹಾಡಬಲ್ಲವಳಾಗಿದ್ದರಿಂದ ಟಿವಿಯಲ್ಲಿದ್ದಳು.

ಧಾರಾವಾಹಿಯ ಎರಡನೇ ವರ್ಷದಲ್ಲಿ, ಅದನ್ನು ತಯಾರಿಸುತ್ತಿದ್ದ ಕಂಪನಿ ನಾಯಕಿಗೆ ಮಾಡಿದಂತೆ ಅವಳಿಗೂ ಒಂದು ಆಲ್ಬಮ್ ಮಾಡುತ್ತೇವೆಂದು ಮಾತು ಕೊಟ್ಟಿತ್ತು. ಹಾಡುಗಳನ್ನು ಧ್ವನಿಮುದ್ರಿಸಿಯೂ ಆಯಿತು. ಅಲ್ಲಿ ಮೊದಲ ಸಲ ಅವಳು ತನ್ನ ದನಿಯಲ್ಲಿ ಹಾಡಿದ್ದಳು. ಅಷ್ಟು ದಿನ ಬೇರೆಯವರಿಗೆ ಬಾಡಿಗೆ ಕೊಟ್ಟಿದ್ದ ಮನೆಗೆ ತಾನೇ ವಾಸಕ್ಕೆ ಬಂದಂತೆ ಅವಳಿಗೆ ಅನ್ನಿಸಿತ್ತು. ಜನ ಒಮ್ಮೆ ಇದನ್ನು ಕೇಳಿಬಿಟ್ಟರೆ ಸಾಕು, ಕಾಗೆಯ ಕಾಟ ಮುಗಿಯುತ್ತದೆ ಎಂಬ ಒಂದೇ ಆಸೆ ಅವಳದು. ಆದರೆ ಬಿಡುಗಡೆ ಚಳಿಗಾಲಕ್ಕೆ ಎಂದರು, ವಸಂತಕ್ಕೆ ಎಂದರು, ಅಷ್ಟರಲ್ಲಿ ಧಾರಾವಾಹಿಯೇ ಮುಗಿಯಿತು. ಕೊನೆಗೊಂದು ದಿನ ಸಿರ್ವಾರ್ಡ್, "ಮೊದಲು ಜಪಾನಲ್ಲಿ, ಆಮೇಲೆ ಇಲ್ಲಿ," ಎಂದು ಸುದ್ದಿ ತಂದಳು. ಎಷ್ಟೋ ಜನ ಹಾಗೆ ಮಾಡುತ್ತಾರೆ. ಶುಶಾನ್ ನಂಬಿದಳು. ಅಂದು ಅವಳು ಅಡುಗೆಮನೆಯಲ್ಲಿ ಕುಣಿದಳು.

ಈಗ ಹಾಗೋಪ್ ಮಾವ ಬ್ರಾಂಡಿಯ ಲೋಟ ಹಿಡಿದು ಎದ್ದು ನಿಂತ. ಗುದ್ದಿದ ಕಾರುಗಳನ್ನು ನೆಟ್ಟಗೆ ಮಾಡುವ ಗ್ಯಾರೇಜಿನವನು; ನಮ್ಮ ಆರ್ಮೇನಿಯನ್ನರ ಊಟದ ಮೇಜುಗಳಲ್ಲಿ ಲೋಟ ಎತ್ತಿ ಹರಸುವ ಅಧಿಕಾರ ಅವನದ್ದೇ. ಅಜ್ಜಿಯನ್ನು ಹರಸಿದ, ಸತ್ತವರನ್ನು ನೆನೆದ, ತವರಿನ ಅರಾರತ್ ಬೆಟ್ಟವನ್ನೂ ಬಿಡಲಿಲ್ಲ. ಕೊನೆಗೆ ಸೋದರಸೊಸೆಯ ಕಡೆ ತಿರುಗಿದ. "ನಮ್ಮ ಶುಶಾನ್ ಜಪಾನನ್ನು ಗೆದ್ದಿದಾಳೆ. ನಮ್ಮ ವಂಶದಲ್ಲಿ ಯಾರೂ ಏನನ್ನೂ ಗೆದ್ದಿರ್ಲಿಲ್ಲ. ಕುಡೀರಿ!"

ಲೋಟ ಯಾರ ಹೆಸರಿನಲ್ಲಿ ಎತ್ತುತ್ತಾರೋ ಅವರು ಹಾಡಬೇಕು, ಅದು ಪದ್ಧತಿ. "ಕಾಗೆ ಹಾಡು! ಕಾಗೆ ಹಾಡು!" ಎಂದು ಮೇಜು ಬಡಿದರು.

"ಇವತ್ತು ಕಾಗೆ ರಜಾ," ಎಂದಳು ಶುಶಾನ್. ಸಿ.ಡಿ.ಯೊಂದನ್ನು ಯಂತ್ರಕ್ಕೆ ಹಾಕಿ ಗೋಡೆಗೆ ಒರಗಿ ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಳು.

ಇಳಿಯಬೇಕಾದ ನಿಲ್ದಾಣ ಬಿಟ್ಟು ಬಸ್ಸಿನ ಕೊನೆಯವರೆಗೂ ಕೂತುಬಿಟ್ಟ ಹುಡುಗಿಯ ಹಾಡು ಅದು. ಅದರ ಪದಗಳಲ್ಲಿ ಅರ್ಧ ಅವಳೇ ಬರೆದದ್ದು. ಮೊದಲ ಸಾಲಿಗೇ ಒಬ್ಬ ಅತ್ತೆಯ ಗಂಡ ಕಿಸಕ್ಕೆಂದ. ಅತ್ತೆ ಅವನ ಮೊಣಕೈ ತಿವಿದು, "ತಡೀರಿ, ಇನ್ನೇನು ಒಡೆಯುತ್ತೆ," ಎಂದಳು. ಎಲ್ಲರ ಮುಖದಲ್ಲೂ ಅರ್ಧ ನಗು ಸಿದ್ಧವಾಗಿ ನಿಂತಿತ್ತು. ದನಿ ಮೇಲೇರಿತು, ನಿಂತಿತು, ಒಡೆಯಲಿಲ್ಲ. ಎರಡನೇ ಚರಣವೂ ಮುಗಿಯಿತು. ಆ ಅರ್ಧ ನಗು ಅಲ್ಲೇ ಒಣಗಿತು. ಒಬ್ಬಳು ಮೆಲ್ಲಗೆ ಸೌತೆಕಾಯಿ ಹೆಚ್ಚತೊಡಗಿದಳು.

ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಹಾಗೋಪ್ ಮಾವ ಗಂಟಲು ಸರಿಮಾಡಿಕೊಂಡ. "ಚೆನ್ನಾಗಿದೆ ಕಣೇ. ಸುಳ್ಳು ಯಾಕೆ ಹೇಳ್ಲಿ, ರೇಡಿಯೋದಲ್ಲಿ ಬರುತ್ತಲ್ಲ, ಥೇಟ್ ಹಂಗೇ ಇದೆ. ಆದ್ರೆ ನಿಂದು ಅಂತ ಗೊತ್ತೇ ಆಗಲ್ಲ."

"ನಂದೇ ಮಾವ."

"ನಿಂದೇ, ನಿಂದೇ. ಇಲ್ಲಿ ಅಂಗಡಿಗೆ ಯಾವಾಗ ಬರುತ್ತೆ ಹೇಳು. ನನ್ನ ಗ್ಯಾರೇಜಲ್ಲಿ ಇಡ್ತೀನಿ. ಬಂಪರ್ ಹಾಕ್ಸಿದ್ರೆ ಸೂಸಿ ಫ್ರೀ."

"ಬೇಸಿಗೆ ಮುಗೀಲಿ. ಅಮ್ಮ ಹೇಳಿದಾಳೆ, ಶಾಲೆ ಶುರುವಾಗೋ ಹೊತ್ತಿಗೆ ಬರುತ್ತಂತೆ."

ಆಗ ತಲಿನ್ ಮಾತಾಡಿದಳು. ಶುಶಾನಳ ತಂಗಿ, ಹತ್ತು ವರ್ಷದವಳು, ಬಾಯ್ತುಂಬ ಚೀಸ್ ಇಟ್ಟುಕೊಂಡಿದ್ದಳು. "ಅಮ್ಮಾ, ನಂದು ಬಂದಾಗ ನಂದೂ ಜಪಾನಲ್ಲಿ ಮಾತ್ರನಾ? ಇಲ್ಲ ನಂದು ಇಲ್ಲೂ ಬರುತ್ತಾ?"

ಸಿರ್ವಾರ್ಡ್ ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಕೆಳಗಿಟ್ಟಳು.

"ಏನೇ ನಿಂದು?" ಎಂದು ಶುಶಾನ್ ಕೇಳಿದಳು.

"ನನ್ನ ಹಾಡು. ನನ್ನ ಸೀರಿಯಲ್ಲಿಂದು." ಹೇಳಿ ಮುಗಿಸಿದ ಮೇಲೆ ಅವಳಿಗೆ ಹೊಳೆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸಿರ್ವಾರ್ಡ್ ಹಿಂಬಾಗಿಲ ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಾಳೆಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟೆಂದು ಅವಳೊಬ್ಬಳೇ ತಿಳಿದಿದ್ದಳು. ಈಗಲೂ ಅವಳು ಅಲ್ಲಿಗೇ ಜಾರಿದಳು, ಶುಶಾನ್ ಹಿಂದೆಯೇ ಹೋದಳು. ತಾಯಿ ಹಚ್ಚಿದ ಸಿಗರೇಟನ್ನು ಅಡಗಿಸುವ ಗೋಜಿಗೆ ಹೋಗಲಿಲ್ಲ.

"ತಲಿನ್‌ಗೆ ಯಾವ ಸೀರಿಯಲ್ಲು?"

"ಹೊಸದು. ಅವಳೇ ಮುಖ್ಯ. ಪಕ್ಕದ ಮನೆಯವಳಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಇವತ್ತು ನಿನ್ನ ಹಬ್ಬ. ಹಬ್ಬ ಮುಗೀಲಿ ಅಂತ."

"ಜಪಾನಲ್ಲಿ ಮಾತ್ರ ಅಂದ್ರೇನಮ್ಮ?"

ಸಿರ್ವಾರ್ಡ್ ಬೂದಿ ಕೊಡವಿದಳು. "ಕಂಪನಿ ಒಂದು ಆಲ್ಬಮ್ ಬಿಡುಗಡೆ ಮಾಡ್ತೀವಿ ಅಂತ ಮಾತು ಕೊಟ್ಟಿತ್ತು. ಎಲ್ಲಿ ಅಂತ ಕೊಟ್ಟಿರ್ಲಿಲ್ಲ. ಅಲ್ಲಿ ಒಂದಿಷ್ಟು ಒತ್ತಿದ್ರು, ಮಾತು ಉಳಿಸ್ಕೊಂಡ್ರು."

"ಇಲ್ಲಿ?"

"ಇಲ್ಲಿಲ್ಲ."

"ಯಾವತ್ತೂ?"

ತಾಯಿ ಬೇಲಿಯ ಕಡೆ ನೋಡಿದಳು. ಬೇಲಿಯಾಚೆ ಪಕ್ಕದವರ ಮಕ್ಕಳು ನೀರಿನ ತೊಟ್ಟಿಗೆ ಹಾರಿ ಕಿರುಚುತ್ತಿದ್ದವು.

"ಕೇಳು ಶುಶಾನ್ ಜಾನ್, ನನ್ನ ಚಿನ್ನ," ಎಂದಳು ಕೊನೆಗೆ. "ಬ್ರೆಂಟ್ ನಂಗೆ ಎಲ್ಲಾ ಬಿಡಿಸಿ ಹೇಳ್ದ. ಒಂದು ಕೋಣೇಲಿ ಮಕ್ಕಳನ್ನ ಕೂರಿಸಿ ನಿನ್ನ ಹಾಡು ಹಾಕಿದ್ರಂತೆ. ನಿನ್ನ ಫೋಟೋ ತೋರಿಸಿದ ತಕ್ಷಣ ನಗೋಕೆ ಶುರು ಮಾಡಿದ್ವಂತೆ, ಹಾಡು ಮುಗಿಯೋವರೆಗೂ ನಕ್ವಂತೆ. ಆ ಅಳು ಬರೋ ಹಾಡಿಗೂ. ಜಪಾನಲ್ಲಿ ನಿನ್ನ ಸೀರಿಯಲ್ಲು ಬಂದಿಲ್ಲ. ಅಲ್ಲಿ ಯಾರಿಗೂ ನಗಬೇಕು ಅಂತ ಗೊತ್ತಿಲ್ಲ."

ಬ್ರೆಂಟ್ ಎಂದರೆ ಕಂಪನಿಯಲ್ಲಿ ಹಾಡುಗಳ ಉಸ್ತುವಾರಿಯವನು. ಶುಶಾನಳ ಹುಟ್ಟುಹಬ್ಬಕ್ಕೆಲ್ಲ ತಪ್ಪದೆ ಹೂ ಕಳಿಸುತ್ತಿದ್ದವನು.

"ಸರಿ. ಬೇರೆ ಕಂಪನಿಗೆ ಹೋಗ್ತೀನಿ."

"ಐದು ವರ್ಷ ಆಗಲ್ಲ. ಯಾರ ರೆಕಾರ್ಡಿನಲ್ಲೂ ನಿನ್ನ ದನಿ ಬರೋ ಹಾಗಿಲ್ಲ, ಅವರದ್ದರಲ್ಲೂ ಅಷ್ಟೇ. ಇನ್ನೊಂದು ಆಲ್ಬಮ್ ಕೊಡಿ ಅಂತ ನೀನು ಕೇಳಬಾರದಲ್ಲ, ಅದಕ್ಕೆ ಹಾಗೆ ಬರೆಸ್ಕೊಂಡ್ರು."

"ನಾನೇನು ಒಪ್ಪಿಲ್ವಲ್ಲ!"

"ಕೋರ್ಟಿಗೆ ಹೋಗಿದ್ವಲ್ಲ."

ಶುಶಾನಳಿಗೆ ನೆನಪಾಯಿತು. ಮಾರ್ಚ್ ತಿಂಗಳು, ಪುಟ್ಟ ಕೋಣೆ, ದಯೆಯ ಕಣ್ಣಿನ ಮುದುಕ ನ್ಯಾಯಾಧೀಶ. ಇಲ್ಲಿ ಹದಿನೆಂಟು ತುಂಬದೆ ನಟಿಸುವ ಮಕ್ಕಳ ಒಪ್ಪಂದಗಳಿಗೆಲ್ಲ ಹಾಗೊಬ್ಬರ ಒಪ್ಪಿಗೆ ಬೇಕು. ಇದರಿಂದ ನಿನಗೆ ಸಂತೋಷವೇನಮ್ಮಾ ಎಂದು ಆತ ಕೇಳಿದ್ದ. ಜಪಾನ್ ಎಂಬ ಪದ ತಲೆಯಲ್ಲಿ ಗುಂಯ್‌ಗುಟ್ಟುತ್ತಿದ್ದವಳು, ತುಂಬಾ ಸಂತೋಷ ಸಾರ್ ಎಂದಿದ್ದಳು. ಆತ ಮೊಮ್ಮಗಳು ನಿನ್ನ ಅಭಿಮಾನಿ ಎಂದು ಹೇಳಿ ಡಾಟಿಯ ಹೆಸರಿನಲ್ಲಿ ಸಹಿಯನ್ನೂ ಕೇಳಿ ಪಡೆದಿದ್ದ.

"ಏಪ್ರಿಲ್‌ನಲ್ಲಿ ನಂಗೆ ಹದಿನೆಂಟು ತುಂಬ್ತು," ಎಂದಳು ಶುಶಾನ್. "ಒಂದು ತಿಂಗಳು ಕಾದಿದ್ರೆ ನಾನೇ ಓದಿ ಸಹಿ ಹಾಕ್ತಿದ್ದೆ."

"ಅದಕ್ಕೇ ಕಾಯ್ಲಿಲ್ಲ." ಸಿರ್ವಾರ್ಡ್ ಮೊದಲ ಸಲ ಮಗಳ ಮುಖ ನೋಡಿದಳು. "ಓದಿದ್ರೆ ಇಲ್ಲ ಅಂತಿದ್ದೆ. ನಿಂದು ಹೇಗೂ ಕಸದ ಬುಟ್ಟಿಗೆ ಹೋಗ್ತಿತ್ತು, ತಲಿನ್ ಅವಕಾಶಾನೂ ಜತೆಗೆ ಹೋಗ್ತಿತ್ತು. ತಕರಾರಿಲ್ಲದೆ ಜಪಾನಿಗೆ ಒಪ್ಪಿಸ್ಕೊಡಿ, ಚಿಕ್ಕವಳನ್ನ ನಾವು ನೋಡ್ಕೋತೀವಿ ಅಂದ ಬ್ರೆಂಟ್. ಕಸಕ್ಕೆ ಹೋಗೋದನ್ನ ಕೊಟ್ಟು ಅವಳಿಗೆ ಒಂದು ಬಾಗಿಲು ತೆಗೆಸ್ದೆ. ನಾನೇನು ಮನೆಗೆ ಬೆಂಕಿ ಇಟ್ಟಿದೀನಾ?"

"ಕಸ ಅಂತ ನೀನೂ ಅಂತೀಯಲ್ಲ."

"ನಾನು ಅಂದಿಲ್ಲ, ಅವರು ಅಂದ್ರು. ನಿನ್ನ ನೋವು ನಂಗಿರಲಿ ಮಗಳೇ..."

"ಇಟ್ಕೋ ಹಾಗಾದ್ರೆ," ಎಂದಳು ಶುಶಾನ್. "ಪೂರ್ತಿ ಇಟ್ಕೋ. ಮಾತಿಗೆ ಅನ್ನಬೇಡ."

ನಿನ್ನ ನೋವು ನನಗಿರಲಿ ಎಂಬುದು ನಮ್ಮವರು ಪ್ರೀತಿಗೆ ದಿನಕ್ಕೆ ಹತ್ತು ಸಲ ಆಡುವ ಮಾತು, ಯಾರೂ ಅದನ್ನು ಹೀಗೆ ಹಿಡಿದು ನಿಲ್ಲಿಸುವುದಿಲ್ಲ. ಸಿರ್ವಾರ್ಡ್ ಸಿಗರೇಟನ್ನು ಮೆಟ್ಟಿಲಿಗೆ ಒತ್ತಿ ಆರಿಸಿದಳು. ಒಳಗೆ ಯಾರೋ ಸಿ.ಡಿ. ತೆಗೆದು ಮದುವೆ ಕುಣಿತದ ಹಾಡು ಹಾಕಿದ್ದರು, ಮೇಜು ಮತ್ತೆ ಗದ್ದಲಕ್ಕೆ ಬಂದಿತ್ತು.

ಮರುದಿನ ಸಂಜೆ ಟೋಕಿಯೊದಿಂದ ಫೋನು ಬರುವುದೆಂದು ಮೊದಲೇ ಗೊತ್ತುಮಾಡಿತ್ತು. ಶುಶಾನಳಿಗೆ ಎತ್ತುವ ಮನಸ್ಸಿರಲಿಲ್ಲ. ಗಂಟೆ ಬಾರಿಸುತ್ತಲೇ ಇದ್ದಾಗ ಎತ್ತಿದಳು. ನಿಶಿಗಾಕಿ ಎಂಬ ಹೆಂಗಸು, ಅಲ್ಲಿನ ಸಂಗೀತ ಪತ್ರಿಕೆಯವಳು. ಒಂದೊಂದು ಪದವನ್ನೂ ತೂಗಿ ಇಡುವಂತೆ ನಿಧಾನವಾಗಿ ಮಾತಾಡಿದಳು.

"ಬಸ್ಸಿನ ಹಾಡಲ್ಲಿ ನಿಲ್ದಾಣ ದಾಟಿ ಹೋದ್ಮೇಲೆ ನೀವು ಉಸಿರು ತಗೊಳ್ಳೋದು ಕೇಳ್ಸುತ್ತೆ. ಸಾಮಾನ್ಯವಾಗಿ ಅದನ್ನ ಅಳಿಸಿಬಿಡ್ತಾರೆ. ನೀವೇ ಬೇಕು ಅಂತ ಉಳಿಸ್ಕೊಂಡ್ರಾ?"

ಶುಶಾನ್ ಮಂಚದ ಅಂಚಿಗೆ ಕೂತಳು. ಆ ಉಸಿರಿಗಾಗಿ ಅವಳು ಬ್ರೆಂಟನ ಜೊತೆ ಅರ್ಧ ದಿನ ಜಗಳವಾಡಿದ್ದಳು. "ಹೌದು," ಎಂದಳು. "ಆ ಹುಡುಗಿಗೆ ಆಗ ಗೊತ್ತಾಗುತ್ತೆ, ನಿಲ್ದಾಣ ಹೋಯ್ತು ಅಂತ. ಹೇಳೋ ಬದಲು ಉಸಿರು ತಗೋತಾಳೆ."

"ನಂಗೂ ಹಾಗೇ ಅನ್ನಿಸ್ತು. ಮೂರು ಸಲ ಕೇಳ್ದೆ. ಇದಕ್ಕೆ ಮುಂಚೆ ನೀವು ಎಲ್ಲಿ ಹಾಡ್ತಿದ್ರಿ?"

"ಚರ್ಚಲ್ಲಿ," ಎಂದಳು. "ಆಮೇಲೆ ಎಲ್ಲೂ ಇಲ್ಲ."

ಅತ್ತ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. ಇಷ್ಟು ಮರ್ಯಾದೆಯಿಂದ ತನ್ನ ಹಾಡಿನ ಬಗ್ಗೆ ಯಾರೂ ಮಾತಾಡಿರಲಿಲ್ಲ, ಆ ಮರ್ಯಾದೆ ಸಿಕ್ಕಿದ್ದು ಐದೂವರೆ ಸಾವಿರ ಮೈಲಿ ಆಚೆಯ ಅಪರಿಚಿತೆಯಿಂದ, ಅದೂ ಅವಳಿಗೆ ತಾನು ಯಾರೆಂದು ತಿಳಿಯದ್ದರಿಂದ. ಶುಶಾನಳಿಗೆ ಸಂತೋಷವಾಯಿತು, ಆ ಸಂತೋಷವೇ ಎದೆಯಲ್ಲಿ ಕೊರೆಯಿತು.

"ಇಲ್ಲಿಗೆ ಯಾವಾಗ ಬರ್ತೀರಿ? ಹಾಡೋಕೆ?"

"ಬೇಗ," ಎಂದಳು. "ಇಲ್ಲಿ ಸ್ವಲ್ಪ ಕೆಲಸ ಇದೆ. ಮುಗಿದ ತಕ್ಷಣ."

ಮೂರು ದಿನ ಅವಳು ತಾಯಿಯೊಂದಿಗೆ ಮಾತಾಡಲಿಲ್ಲ. ಸಿರ್ವಾರ್ಡ್ ಮಾತ್ರ ಏನೂ ನಡೆಯದವಳಂತೆ ಮೊಟ್ಟೆ ಹುರಿದು ಕೊಟ್ಟಳು, ಬಟ್ಟೆ ಮಡಿಸಿಟ್ಟಳು, ಯಾರಿಗೂ ಅಲ್ಲವೆಂಬಂತೆ ಹವೆಯ ಬಗ್ಗೆ ಮಾತಾಡಿದಳು. ಗುರುವಾರ ಬೆಳಿಗ್ಗೆ ಬಾಗಿಲ ಬಳಿ ನಿಂತು ಕೇಳಿಯೇಬಿಟ್ಟಳು.

"ಇವತ್ತು ಚಿಕ್ಕವಳ ಹಾಡಿನ ರೆಕಾರ್ಡಿಂಗು. ನಿನ್ನೆ ಅವಳಿಗೆ ಒಂದು ಸಾಲೂ ಹಿಡಿತಕ್ಕೆ ಬರ್ಲಿಲ್ಲ, ಬಚ್ಚಲಲ್ಲಿ ಕೂತು ಅತ್ಲು. ನೀನು ಜತೆಗೆ ಬಂದು ನಿಂತ್ರೆ ಸಾಕು ಕಣೇ. ನಂಗೋಸ್ಕರ ಬೇಡ."

ಶುಶಾನ್ ಅವಳ ಕಡೆ ತಿರುಗಲೂ ಇಲ್ಲ. ಆದರೆ ಹೊರಗೆ ಕಾರಿನ ಹಿಂದಿನ ಸೀಟಿನಲ್ಲಿ ತಲಿನ್ ಪಟ್ಟಿ ಬಿಗಿದುಕೊಂಡು, ತುಟಿ ಕಚ್ಚಿಕೊಂಡು ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋಗಿ ತಂಗಿಯ ಪಕ್ಕ ಕೂತಳು.

ಹೆದ್ದಾರಿ ಸೇರಿದ ಮೇಲೆ ತಲಿನ್ ಕೇಳಿದಳು. "ನನ್ಮೇಲೆ ಸಿಟ್ಟಾ?"

"ನಿನ್ಮೇಲಲ್ಲ."

"ನಿನ್ನ ಸಿ.ಡಿ. ನಾನು ಬೇಸಿಗೆ ಶಾಲೆಗೆ ತಗೊಂಡೋಗಿದ್ದೆ. ಯಾರೂ ನಂಬ್ಲಿಲ್ಲ. ಡಾಟಿಗೆ ಹಾಡೋಕೆ ಬರಲ್ಲ, ಸುಳ್ಳು ಹೇಳ್ಬೇಡ ಅಂದ್ರು. ಒಬ್ಬಳನ್ನ ತಳ್ಳಿಬಿಟ್ಟೆ."

ಮುಂದೆ ಕಾರು ಓಡಿಸುತ್ತಿದ್ದ ಸಿರ್ವಾರ್ಡ್ ಕನ್ನಡಿಯಲ್ಲಿ ನೋಡಿದಳು. ಶುಶಾನ್ ತಂಗಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಕಾರು ಬರ್ಬ್ಯಾಂಕ್ ಮುಟ್ಟುವವರೆಗೂ ಅದನ್ನು ಬಿಡಲಿಲ್ಲ.

"ಓಹೋ, ಜಪಾನಿನ ಮಹಾರಾಣಿ ಬಂದ್ರು!" ಎಂದು ಬ್ರೆಂಟ್ ಎರಡೂ ತೋಳು ಚಾಚಿ ಎದ್ದ. ಅವನಲ್ಲಿ ಕಪಟವೇ ಇರಲಿಲ್ಲ, ಅದು ಇನ್ನೂ ಕಷ್ಟ. "ಅಲ್ಲಿಯವರು ನಿನ್ನ ಹೊಗಳಿದ್ದೇ ಹೊಗಳಿದ್ದು ಸೂಸಿ. ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ," ಎಂದಳು ಶುಶಾನ್.

ತಲಿನ್‌ಳನ್ನು ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ನಿಲ್ಲಿಸಿ ತಲೆಗೆ ದೊಡ್ಡ ಹೆಡ್‌ಫೋನು ತೊಡಿಸಿದರು. ಸೀರಿಯಲ್ಲಿನ ಶೀರ್ಷಿಕೆ ಗೀತೆ. ಕುಣಿಯುವ ತಾಳ, ಸುಲಭದ ಧಾಟಿ. ಮೊದಲ ಸಲ ಅವಳು ತಾಳಕ್ಕಿಂತ ಮುಂದೆ ಓಡಿದಳು. ಎರಡನೇ ಸಲ ಸ್ವರ ಜಾರಿತು. ಆಮೇಲೆ ಪ್ರತಿ ಸಲವೂ ಅದೇ ಪದದಲ್ಲಿ ಜಾರಿತು. ಬ್ರೆಂಟ್, "ಪರವಾಗಿಲ್ಲ ಪುಟ್ಟಿ," ಎನ್ನುತ್ತಲೇ ಇದ್ದ, ಆದರೆ ಪೆನ್ನಿನಿಂದ ಮೇಜು ಕುಟ್ಟತೊಡಗಿದ್ದ. ಸಿರ್ವಾರ್ಡ್ ಕೈಚೀಲದ ಬಾಯಿ ತೆರೆಯುವುದು ಮುಚ್ಚುವುದು ಮಾಡುತ್ತಿದ್ದಳು. ಗಾಜಿನಾಚೆ ತಲಿನ್‌ಳ ಗಲ್ಲ ನಡುಗಲು ಶುರುವಾಯಿತು.

ಶುಶಾನ್ ಯಾರನ್ನೂ ಕೇಳದೆ ಬಾಗಿಲು ತಳ್ಳಿ ಒಳಗೆ ಹೋಗಿ ಇನ್ನೊಂದು ಹೆಡ್‌ಫೋನು ಹಾಕಿಕೊಂಡಳು. ತಂಗಿಯ ಹಿಂದೆ ನಿಂತು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. "ಇಲ್ಲಿಂದ ಉಸಿರು ತಗೋ. ನನ್ನ ಕೈ ತಳ್ಳು. ಹಾಂ, ಹಂಗೆ. ಈಗ ನನ್ನ ಜತೆ."

ಸಂಗೀತ ಬಂತು. ಶುಶಾನ್ ತಂಗಿಯ ಒಂದು ಕಿವಿಯಿಂದ ಹೆಡ್‌ಫೋನು ಸರಿಸಿ ಅಲ್ಲಿ ಮೆಲ್ಲಗೆ ಹಾಡಿದಳು, ತಲಿನ್ ಆ ದನಿ ಹಿಡಿದು ನಡೆದಳು. ಜಾರುತ್ತಿದ್ದ ಪದ ಬಂತು, ಜಾರದೆ ದಾಟಿತು. ಕೊನೆಯ ಸಾಲಿಗೆ ಬರುವ ಹೊತ್ತಿಗೆ ತಲಿನ್ ನಗುತ್ತಾ ಹಾಡುತ್ತಿದ್ದಳು. ಶುಶಾನಳಿಗೂ ಒಂದು ಕ್ಷಣ ಎಲ್ಲವೂ ಮರೆತುಹೋಯಿತು. ಅವಳ ದನಿ ತಾನಾಗಿಯೇ ಸ್ವಲ್ಪ ಬಿಚ್ಚಿಕೊಂಡು ಮೇಲೇರಿತು.

ಹೆಡ್‌ಫೋನಿನಲ್ಲಿ ಬ್ರೆಂಟನ ಮಾತು ಬಂತು. "ಭೇಷ್! ಇದೇ ಬೇಕಿತ್ತು ನೋಡು. ಆದ್ರೆ ಸೂಸಿ, ನಿನ್ನ ಸ್ವರಾನೂ ಮೈಕಿಗೆ ಬೀಳ್ತಿದೆ. ಅದು ಬೀಳೋ ಹಾಗಿಲ್ಲ, ನಿಂಗೂ ಗೊತ್ತಲ್ಲ. ವಕೀಲರು ನನ್ನ ಚರ್ಮ ಸುಲೀತಾರೆ. ನೀನು ಆಚೆ ಬಂದ್ಬಿಡು, ಇನ್ನೊಂದು ಸಲ ತೆಗೆಯೋಣ."

"ಅವಳಿಲ್ದೆ ನಂಗೆ ಬರಲ್ಲ!" ಎಂದು ತಲಿನ್ ಅಕ್ಕನ ತೋಳು ಹಿಡಿದುಕೊಂಡಳು. ಅವಳ ಕಣ್ಣಿಂದ ನೀರು ಇಳಿದೇಬಿಟ್ಟಿತು.

ಗಾಜಿನಾಚೆ ಸಿರ್ವಾರ್ಡ್ ಎದ್ದು ನಿಂತಿದ್ದಳು. ಬ್ರೆಂಟ್ ಅವಳ ಕಡೆ ನೋಡಿದ, ಅವಳು ಹಿರಿಯ ಮಗಳ ಕಡೆ ನೋಡಿದಳು. ಬೇಡುವವಳ ಮುಖ ಅದು. ಶುಶಾನ್ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಂಗಿಯ ಕೆನ್ನೆ ಒರೆಸಿ, ಮೈಕಿನಾಚೆ ಹೋಗಿ ಅವಳಿಗೆ ಎದುರಾಗಿ ಮಂಡಿಯೂರಿ ಕೂತಳು.

"ಹಾಕಿ," ಎಂದಳು. "ನನ್ನ ಸದ್ದು ಬರಲ್ಲ."

ತಾಳ ಶುರುವಾಯಿತು. ಶುಶಾನ್ ಹೊಟ್ಟೆ ತುಂಬ ಉಸಿರೆಳೆದು, ಬಾಯಿ ಅಗಲವಾಗಿ ತೆರೆದು, ಕಿಂಚಿತ್ತೂ ದನಿ ಹೊರಡಿಸದೆ ಮೊದಲ ಸಾಲನ್ನು ಆಡಿದಳು. ತಲಿನ್ ಅವಳ ತುಟಿಗಳನ್ನೇ ನೋಡುತ್ತಾ ಹಾಡಿದಳು.